ಹೆಬ್ಬೆಟ್ಟಕ್ಕನ ಮೊಣಕೈ

ಅವಳಿಗೆ ಆ ಹೆಸರು ಬಿದ್ದದ್ದು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಸೊಂಟ ಹಿಡಿದುಕೊಂಡು ಬಂದಿದ್ದ ನರ್ಸಮ್ಮ ಒಬ್ಬಳು ಮಸಾಜ್ ಮುಗಿದ ಮೇಲೆ ಮಲಗಿದಲ್ಲಿಂದಲೇ, "ಇದೇನು ಹೆಬ್ಬೆಟ್ಟಾ, ಇಲ್ಲಾ ಅದರೊಳಗೆ ಕಣ್ಣೇನಾದ್ರೂ ಇದೆಯಾ? ನೋವಿರೋ ಜಾಗಕ್ಕೇ ನೆಟ್ಟಗೆ ಹೋಗಿ ನಿಂತುಬಿಡ್ತಲ್ಲ!" ಎಂದಿದ್ದಳು. ಅವತ್ತಿನಿಂದ ಹೆಬ್ಬೆಟ್ಟಕ್ಕ. ಮೊದಮೊದಲು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಹೆಬ್ಬೆಟ್ಟು ಅಂದರೆ ಓದುಬರಹ ಬಾರದವರು ಅಂತಲ್ಲವೇ ಜನ ತಿಳಿಯುವುದು? ಹತ್ತನೇ ಕ್ಲಾಸನ್ನು ಒಂದೇ ಏಟಿಗೆ ಪಾಸು ಮಾಡಿದವಳು, ದುಂಡಗೆ ಸಹಿ ಹಾಕುವವಳು. "ನಾನೇನೂ ಹೆಬ್ಬೆಟ್ಟಲ್ಲ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು. ಹೇಳಿದಷ್ಟೂ ಹೆಸರು ಗಟ್ಟಿಯಾಗಿ ಕೂತಿತು. ಕೊನೆಗೆ ಅವಳಿಗೂ ಅದು ಒಗ್ಗಿಹೋಗಿ, ಫೋನಿನಲ್ಲಿ "ಯಾರು ಮಾತಾಡೋದು?" ಎಂದರೆ ತಾನೇ "ಹೆಬ್ಬೆಟ್ಟಕ್ಕ" ಎನ್ನತೊಡಗಿದಳು.

ಅವಳು ಸೇರಿದಾಗ ಅದು ಎರಡು ಕುರ್ಚಿ, ಒಂದು ಕನ್ನಡಿ, ಪರದೆಯ ಹಿಂದೆ ಒಂದು ಮಸಾಜ್ ಹಾಸಿಗೆ ಇದ್ದ ಬ್ಯೂಟಿ ಪಾರ್ಲರು. ಬೀಗ ರಿಪೇರಿಯವನ ಅಂಗಡಿಯ ಮೇಲಿನ ಮಹಡಿ. ಹುಬ್ಬು ತಿದ್ದಿಸಲು ಬಂದವರು ಕೆಳಗಿನ ಟಣ್ ಟಣ್ ಸದ್ದಿಗೆ ಬೆಚ್ಚಿಬಿದ್ದರೆ ಹುಬ್ಬು ಅರ್ಧವೇ ಹಾರಿಹೋಗುವ ಅಪಾಯವಿತ್ತು. ಇಪ್ಪತ್ತೊಂದು ವರ್ಷದಲ್ಲಿ ಅದು ಇಡೀ ಮಹಡಿ ಆವರಿಸಿಕೊಂಡಿತ್ತು. ಮುಂದುಗಡೆ ಕೂದಲು, ಮುಖ. ಹಿಂದುಗಡೆ ಉದ್ದನೆಯ ಓಣಿ, ಓಣಿಯ ಎರಡೂ ಕಡೆ ಮಸಾಜ್ ಕೋಣೆಗಳು, ತುದಿಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಕೋಣೆ. ಬರುವವರೆಲ್ಲ ಹೆಂಗಸರೇ. ಕಿಟಕಿ ಇರುವ ಮೂರನೇ ಕೋಣೆ ಹೆಬ್ಬೆಟ್ಟಕ್ಕನದು. ಹಾಗಂತ ಯಾರೂ ಬರೆದು ಕೊಟ್ಟಿರಲಿಲ್ಲ, ಆದರೆ ಬೇರೆ ಯಾರೂ ಆ ಬಾಗಿಲು ತೆಗೆಯುತ್ತಿರಲಿಲ್ಲ.

ಅವಳಿಗೆ ಈ ಕೆಲಸ ಹಿಡಿಸಿತ್ತು. ಬೆಳಿಗ್ಗೆ ಎಣ್ಣೆ ಬಿಸಿಗಿಟ್ಟು, ಹಾಸಿಗೆಯ ಮೇಲೆ ಇಸ್ತ್ರಿಯ ಬಿಸಿ ಆರದ ಬಟ್ಟೆ ಹಾಸಿ, ಉಗುರನ್ನೊಮ್ಮೆ ಸವರಿ ನೋಡಿಕೊಂಡು ನಿಂತರೆ ಸಾಕು, ಮನೆಯ ತಾಪತ್ರಯವೆಲ್ಲ ಚಪ್ಪಲಿಯ ಜೊತೆ ಬಾಗಿಲಾಚೆ ಉಳಿದುಬಿಡುತ್ತಿತ್ತು. ಕಿವಿಯವರೆಗೆ ಭುಜ ಏರಿಸಿಕೊಂಡು ಬಂದ ಹೆಂಗಸು, ಮುಕ್ಕಾಲು ಗಂಟೆ ಕಳೆದ ಮೇಲೆ ಕತ್ತು ನೀಳವಾಗಿ ಹೊರಗೆ ಹೋಗುತ್ತಾಳಲ್ಲ, ಅದನ್ನು ಹಿಂದಿನಿಂದ ಎಷ್ಟು ಸಲ ನೋಡಿದರೂ ಅವಳಿಗೆ ಸಾಕಾಗುತ್ತಿರಲಿಲ್ಲ. ಬೇರೆ ಪಾರ್ಲರಿನವರು ಎಷ್ಟೋ ಸಲ ಕರೆದರು. "ನನ್ನ ಕಿಟಕಿ ಅಲ್ಲಿಗೆ ಬರಲ್ವಲ್ಲ" ಎಂದು ನಕ್ಕು ಸುಮ್ಮನಾಗಿದ್ದಳು.

ಹೆಬ್ಬೆರಳು ಕೈಕೊಟ್ಟದ್ದು ಒಂದು ಮಂಗಳವಾರ ಬೆಳಿಗ್ಗೆ. ಹದಿಮೂರು ವರ್ಷದಿಂದ ತಪ್ಪದೆ ಬರುತ್ತಿದ್ದ ಲಾಯರಮ್ಮನ ಬೆನ್ನು ಅವಳ ಕೈಕೆಳಗಿತ್ತು. ಬಲ ಭುಜದ ಒಳಮಗ್ಗುಲಲ್ಲಿ ಲಾಯರಮ್ಮನಿಗೆ ಹುಣಸೆಬೀಜದಂಥ ಒಂದು ಗಂಟಿದೆ. ಕೋರ್ಟಿನಲ್ಲಿ ಸೋತರೆ ಅದು ದಪ್ಪಗಾಗುತ್ತದೆ, ಗೆದ್ದರೆ ಇಳಿಯುತ್ತದೆ. ಹಿಂದಿನ ದಿನ ಸೋತಿರಬೇಕು. ಹೆಬ್ಬೆಟ್ಟಕ್ಕ ಅದರ ಮೇಲೆ ಭಾರ ಬಿಟ್ಟಳು, ಬೆರಳಿನ ಬುಡದಲ್ಲಿ 'ಲಟಕ್' ಅಂದಿತು. ಮೊಣಕೈವರೆಗೂ ಕರೆಂಟು ಹೊಡೆದ ಹಾಗಾಯಿತು. ತುಟಿ ಕಚ್ಚಿ, ಉಳಿದ ಅರ್ಧ ಗಂಟೆಯನ್ನು ಎಡಗೈಯಲ್ಲೇ ಮುಗಿಸಿದಳು.

ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಎರಡು ತಿಂಗಳು ಬಿಸಿನೀರಿನಲ್ಲಿ ಕೈ ಅದ್ದಿದಳು, ಪಟ್ಟಿ ಸುತ್ತಿದಳು, ಕೋಣೆಗೆ ಹೋಗುವ ಮುಂಚೆ ಪಟ್ಟಿ ಬಿಚ್ಚಿ ಜೇಬಿಗೆ ತುರುಕಿದಳು. ಎಣ್ಣೆ ಬಾಟಲಿಯ ಮುಚ್ಚಳ ತಿರುಗದಿದ್ದಾಗ ಬಾಟಲಿಗೇ ಬೈದಳು. ಕೊನೆಗೊಂದು ದಿನ ಬಾಟಲಿ ಕೈಜಾರಿ ಓಣಿಯಲ್ಲೆಲ್ಲ ಎಣ್ಣೆ ಹರಿದು, ಪಾರ್ಲರಿನ ಯಜಮಾನಿಯೇ ಅದರ ಮೇಲೆ ಜಾರಿ ಕೂತಳು. ಇಬ್ಬರು ಸೇರಿ ಮೇಲೆತ್ತಿದ ಮೇಲೆ ಯಜಮಾನಿ ಮೊದಲು ಕೇಳಿದ್ದು, "ಎಲ್ಲಿ, ನಿನ್ನ ಕೈ ತೋರಿಸು."

ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಬುಡದ ಕೀಲು ಸವೆದಿದೆ. ಏನು ಕೆಲಸ ಮಾಡ್ತೀರ?" ಎಂದರು.

"ಮಸಾಜ್. ದಿನಕ್ಕೆ ಆರೇಳು ಬೆನ್ನು. ಇಪ್ಪತ್ತೊಂದು ವರ್ಷ."

"ಮೆಷಿನ್ನಿಗಾದ್ರೂ ಆಗಾಗ ಎಣ್ಣೆ ಬಿಡ್ತಾರೆ ಕಣಮ್ಮ."

"ನಾನು ದಿನಾ ಎಣ್ಣೆಯಲ್ಲೇ ಮುಳುಗಿರ್ತೀನಿ ಡಾಕ್ಟ್ರೇ."

ಡಾಕ್ಟರು ನಕ್ಕರು, ಆದರೆ ಕಟ್ಟುನಿಟ್ಟು ಸಡಿಲಿಸಲಿಲ್ಲ: ಮೂರು ತಿಂಗಳು ಒತ್ತುವಂತಿಲ್ಲ. ಆಮೇಲೂ ಹೆಬ್ಬೆರಳಿನ ಮೇಲೆ ಹಿಂದಿನ ಹಾಗೆ ಭಾರ ಬಿಡುವಂತಿಲ್ಲ, ಎಂದೆಂದಿಗೂ.

ಯಜಮಾನಿ ಕೈಬಿಡುವ ಪೈಕಿಯವಳಲ್ಲ. "ಮೂರು ತಿಂಗಳು ಮುಂದೆ ಕೌಂಟರಲ್ಲಿ ಕೂತ್ಕೋ. ಬಂದೋರನ್ನ ಮಾತಾಡ್ಸು, ಟೈಮು ಕೊಡು, ನೀರು ಕೊಡು. ಗಿರಾಕಿಗಳೆಲ್ಲ ನಿನಗೆ ಗೊತ್ತಿರೋರೇ ತಾನೆ?" ಎಂದಳು.

ತೊಂದರೆ ಇದ್ದದ್ದು ಅಲ್ಲೇ. ಗೊತ್ತಿದ್ದರು, ಆದರೆ ಮುಖ ಗೊತ್ತಿರಲಿಲ್ಲ. ಹೆಬ್ಬೆಟ್ಟಕ್ಕ ಕೋಣೆಗೆ ಬರುವ ಹೊತ್ತಿಗೆ ಅವರೆಲ್ಲ ಹಾಸಿಗೆಯ ತೂತಿನಲ್ಲಿ ಮುಖ ಹುದುಗಿಸಿ ಬೋರಲಾಗಿ ಮಲಗಿರುತ್ತಿದ್ದರು. ಕೆಲಸ ಮುಗಿಸಿ ದೀಪ ಏರಿಸದೆ ಅವಳು ಹೊರಗೆ ಬಂದುಬಿಡುತ್ತಿದ್ದಳು. ಇಪ್ಪತ್ತೊಂದು ವರ್ಷ ಅವಳು ನೋಡಿದ್ದು ಬೆನ್ನು, ಕತ್ತು, ಹಿಮ್ಮಡಿ. ಮೊದಲನೇ ದಿನವೇ ಕನ್ನಡಕದ ಹೆಂಗಸೊಬ್ಬಳು ಬಾಗಿಲು ತಳ್ಳಿಕೊಂಡು ಬಂದು ನಕ್ಕಳು.

"ನಮಸ್ಕಾರ ಮೇಡಂ, ಇದೇ ಮೊದಲನೇ ಸಲ ಬರ್ತಿರೋದಾ?" ಎಂದಳು ಹೆಬ್ಬೆಟ್ಟಕ್ಕ, ಕಲಿಸಿಕೊಟ್ಟ ಹಾಗೇ.

ಹೆಂಗಸಿನ ನಗು ಅಲ್ಲೇ ನಿಂತಿತು. "ಹದಿಮೂರು ವರ್ಷದಿಂದ ಬರ್ತಿದೀನಲ್ರೀ! ನನ್ನ ಗಂಡನಿಗೆ ಹೇಳದೇ ಇರೋದನ್ನೆಲ್ಲ ನಿಮ್ಮ ಹತ್ರ ಹೇಳಿದೀನಿ!"

ಮುನಿಸಿಕೊಂಡು ಆಕೆ ಅತ್ತ ತಿರುಗಿದ್ದೇ ತಡ, ಬಲ ಭುಜ ಎಡಕ್ಕಿಂತ ಎರಡು ಬೆರಳು ಮೇಲಿದ್ದದ್ದು ಕಂಡಿತು. "ಅಯ್ಯೋ ಲಾಯರಮ್ಮ! ನೀವಾ? ಮುಂದಿನಿಂದ ನೋಡಿ ಗುರುತೇ ಸಿಗಲಿಲ್ಲ ನೋಡಿ!" ಎಂದು ಕೂಗಿಕೊಂಡಳು. ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ ನಾಲ್ವರೂ ಬಿದ್ದುಬಿದ್ದು ನಕ್ಕರು.

ಕಂಪ್ಯೂಟರಿನ ಕಥೆ ಬೇರೆ. ಒಂದೇ ಹಾಸಿಗೆಗೆ ಒಂದೇ ಹೊತ್ತಿಗೆ ಇಬ್ಬರನ್ನು ಬರಮಾಡಿದಳು. ಮುಖದ ಆರೈಕೆಗೆ ಬಂದ ಪ್ರಿನ್ಸಿಪಾಲರನ್ನು ಪಾದದ ಕೋಣೆಗೆ ಕಳಿಸಿದಳು, ಅವರು ಕಾಲು ಇಳಿಬಿಟ್ಟುಕೊಂಡು "ಮುಖ ಯಾವಾಗ?" ಎಂದು ಅರ್ಧ ಗಂಟೆ ಕಾದರು. ಸಂಜೆಯಾಗುವಷ್ಟರಲ್ಲಿ ಹೆಬ್ಬೆಟ್ಟಕ್ಕನಿಗೆ ತಲೆ ಗಿರ್ರೆನ್ನುತ್ತಿತ್ತು. ದಿನವಿಡೀ ನಿಂತೇ ದುಡಿದವಳಿಗೆ ಕೂತು ಕೂತು ಸೊಂಟ ಹಿಡಿಯಿತು.

ಆದರೆ ಅವಳ ಹೊಟ್ಟೆಗೆ ನಿಜವಾಗಿ ಬೆಂಕಿ ಬಿದ್ದದ್ದು ಬೇರೆ ಕಾರಣಕ್ಕೆ. ಅವಳ ಗಿರಾಕಿಗಳೆಲ್ಲ ಈಗ ಕಡ್ಡಿಯ ಪಾಲಾಗಿದ್ದರು.

ಕಡ್ಡಿ ಅಂದರೆ ಎಂಟು ವರ್ಷದ ಹಿಂದೆ ಸೇರಿದ ಹುಡುಗಿ. ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದುದರಿಂದ ಆ ಹೆಸರು. ಈಗ ಅವಳಿಗೂ ಮೂವತ್ತು ದಾಟಿದೆ, ಮದುವೆಯಾಗಿದೆ, ಮೈ ಮಾತ್ರ ಹಾಗೇ ಇದೆ. ಅವಳಿಗೆ ಕೆಲಸ ಕಲಿಸಿದ್ದು ಹೆಬ್ಬೆಟ್ಟಕ್ಕನೇ. ಬೆರಳಲ್ಲಿ ಬಲ ಸಾಲದೆ ಹುಡುಗಿ ಒಂದು ದಿನ ಗಿರಾಕಿಯ ಬೆನ್ನ ಮೇಲೆ ಮೊಣಕೈ ಊರಿದ್ದಳು. ಹೆಬ್ಬೆಟ್ಟಕ್ಕ ಅದನ್ನು ಕಂಡು, ಓಣಿಯಲ್ಲಿ ಎಲ್ಲರೆದುರು, "ಇದೇನು ಬಟ್ಟೆ ಒಗೆಯೋ ಕಲ್ಲೇನೇ? ಮೊಣಕೈ ಹಾಕಿ ಕುಕ್ಕೋಕೆ ಯಾರು ಹೇಳಿದ್ರು ನಿನಗೆ?" ಎಂದು ಚಳಿ ಬಿಡಿಸಿದ್ದಳು. ಅಷ್ಟಕ್ಕೇ ಬಿಡದೆ ಯಜಮಾನಿಗೆ ಹೇಳಿ ಒಂದು ತಿಂಗಳು ಪಾದ ಉಜ್ಜುವ ಕೆಲಸಕ್ಕೆ ಹಾಕಿಸಿದ್ದಳು. ಹುಡುಗಿ ಎದುರು ಮಾತಾಡಿರಲಿಲ್ಲ. ಆದರೆ ಮೊಣಕೈಯನ್ನೂ ಬಿಟ್ಟಿರಲಿಲ್ಲ. ಬಾಗಿಲು ಹಾಕಿಕೊಂಡು ತನ್ನದೇ ದಾರಿ ಹಿಡಿದಿದ್ದಳು.

ಒಂದು ಮಧ್ಯಾಹ್ನ ಲಾಯರಮ್ಮ ಕಡ್ಡಿಯ ಕೋಣೆಯಿಂದ ಹೊರಗೆ ಬಂದಾಗ ಹೆಬ್ಬೆಟ್ಟಕ್ಕ ಕಣ್ಣು ಕೀಲಿಸಿ ಭುಜ ನೋಡಿದಳು. ಎರಡೂ ಒಂದೇ ಸಮ ಇದ್ದವು.

"ಹೇಗಿತ್ತು ಮೇಡಂ?"

ಲಾಯರಮ್ಮ ಕನ್ನಡಕ ಸರಿಮಾಡಿಕೊಂಡಳು. "ಬೇಜಾರು ಮಾಡ್ಕೋಬೇಡಿ. ಚೆನ್ನಾಗಿತ್ತು."

"ಬೇಜಾರು ಯಾಕೆ? ನಾನೇ ಕಲಿಸಿದ್ದಲ್ವಾ" ಎಂದಳು ಹೆಬ್ಬೆಟ್ಟಕ್ಕ, ಮತ್ತು ಕಂಪ್ಯೂಟರಿನಲ್ಲಿ ಲಾಯರಮ್ಮನ ಮುಂದಿನ ದಿನಾಂಕವನ್ನು ಹಿಂದಿನ ವರ್ಷಕ್ಕೆ ಒತ್ತಿದಳು.

ಅವತ್ತು ಮನೆಗೆ ಬಂದವಳೇ ಚೀಲ ಬಿಸಾಕಿ, "ಬಿಟ್ಟುಬಿಡ್ತೀನಿ ಕೆಲಸ" ಎಂದಳು.

ಅವಳ ಗಂಡ ಬಸ್ ಡ್ರೈವರು. ಅವನು ಷೂ ಬಿಚ್ಚುತ್ತಾ, "ಬಿಡು. ಆಮೇಲೆ?" ಎಂದ.

"ಆಮೇಲೆ ಏನು? ಮನೇಲಿರ್ತೀನಿ."

"ಅಮ್ಮನ ಜೊತೆ? ಇಡೀ ದಿನ?"

ಒಳಗಿನ ಕೋಣೆಯಿಂದ ಅತ್ತೆ ಕೆಮ್ಮಿದರು. ಅವರ ಕಿವಿ ಬೇಕಾದಾಗ ಬಲು ಚುರುಕು. ಹೆಬ್ಬೆಟ್ಟಕ್ಕನಿಗೆ ಅಷ್ಟು ಸಿಟ್ಟಿನಲ್ಲೂ ನಗು ಉಕ್ಕಿತು. ಗಂಡ ಪಕ್ಕಕ್ಕೆ ಬಂದು ಕೂತು, "ನಾನು ಮೊದಲು ಓಡಿಸ್ತಿದ್ದ ಬಸ್ಸಲ್ಲಿ ಗೇರು ಕೈಗೆ ಸಿಗ್ತಿತ್ತು. ಈಗ ಗೇರೇ ಇಲ್ಲದ ಬಸ್ಸು ಕೊಟ್ಟಿದಾರೆ. ಹತ್ತು ದಿನ ಎಡಗೈ ಎಲ್ಲಿಡಬೇಕು ಅಂತಾನೇ ಗೊತ್ತಾಗ್ಲಿಲ್ಲ. ನನಗಿಂತ ಚಿಕ್ಕೋನ ಹತ್ರ ಕೇಳಿ ಕಲಿತೆ. ಅವನೇನೂ ನನ್ನ ಮೀಸೆ ಕಿತ್ಕೊಳ್ಳಲಿಲ್ಲ" ಎಂದ. ಅಷ್ಟು ಹೇಳಿ ಎದ್ದು ಮುಖ ತೊಳೆಯಲು ಹೋದ.

ಮಾತು ಅವಳ ತಲೆಯಲ್ಲಿ ನಾಲ್ಕು ದಿನ ಕೊರೆಯಿತು. ಐದನೇ ದಿನ, ಊಟದ ಹೊತ್ತಿನ ಬಿಡುವಿನಲ್ಲಿ, ಬಟ್ಟೆಯ ಕೋಣೆಯಲ್ಲಿ ಕಡ್ಡಿ ಒಬ್ಬಳೇ ಟವೆಲು ಮಡಿಸುತ್ತಿದ್ದಳು. ಹೆಬ್ಬೆಟ್ಟಕ್ಕ ಹೋಗಿ ಎದುರು ನಿಂತು ತಾನೂ ಒಂದು ಟವೆಲು ಎತ್ತಿಕೊಂಡಳು. ಎರಡು ಮಡಿಸಿದಳು, ಮೂರು ಮಡಿಸಿದಳು. ನಾಲ್ಕನೆಯದಕ್ಕೆ ಬಾಯಿ ತೆರೆಯಿತು.

"ನನಗೆ ಅದನ್ನ ಕಲಿಸಿಕೊಡ್ತೀಯಾ?"

"ಯಾವುದನ್ನ ಅಕ್ಕಾ?"

"ಗೊತ್ತಿದ್ದೂ ಕೇಳಬೇಡ. ಮೊಣಕೈದು."

ಕಡ್ಡಿ ಟವೆಲು ಮಡಿಸುವುದನ್ನು ನಿಲ್ಲಿಸಲಿಲ್ಲ. ಯಂತ್ರ ಗಡಗಡ ತಿರುಗುತ್ತಿತ್ತು. ಹೆಬ್ಬೆಟ್ಟಕ್ಕ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಮುಂದುವರಿಸಿದಳು. "ಆವತ್ತು ಎಲ್ಲರೆದುರು ನಿನ್ನ ಹಾಗೆ ಬೈಬಾರದಿತ್ತು. ಪಾದದ ಕೆಲಸಕ್ಕೆ ಹಾಕಿಸಬಾರದಿತ್ತು. ತಪ್ಪಾಯ್ತು. ಎಂಟು ವರ್ಷ ತಡವಾಗಿ ಹೇಳ್ತಿದೀನಿ, ಅದೂ ನನಗೆ ಬೇಕಾದಾಗ ಹೇಳ್ತಿದೀನಿ. ಗೊತ್ತು ನನಗೆ."

"ಮರೆತಿಲ್ಲ ಅಕ್ಕಾ" ಎಂದಳು ಕಡ್ಡಿ, ಮೆಲ್ಲಗೆ. "ಒಂದು ವಾರ ಬಾತ್‌ರೂಮಲ್ಲಿ ನಿಂತು ಅತ್ತಿದೀನಿ. ಆದರೆ ಈಗ ಜ್ಞಾಪಿಸಿಕೊಂಡ್ರೆ ನೋವಾಗಲ್ಲ. ಒಂದೊಂದು ಸಲ ನಗೂನೂ ಬರುತ್ತೆ. ಬಟ್ಟೆ ಒಗೆಯೋ ಕಲ್ಲು ಅಂದ್ರಲ್ಲ, ನಮ್ಮನೆಯೋರಿಗೆ ಈಗಲೂ ಅದನ್ನೇ ಹೇಳಿ ನಗಿಸ್ತೀನಿ." ಕೊನೆಯ ಟವೆಲನ್ನು ರಾಶಿಯ ಮೇಲಿಟ್ಟು, "ಬನ್ನಿ, ಮಲಗಿ" ಎಂದಳು.

"ನಾನ್ಯಾಕೆ ಮಲಗಲಿ? ನೀನು ಮಲಗು, ನಾನು ಮಾಡ್ತೀನಿ."

"ಮೊದಲು ಅದು ಹೇಗಿರುತ್ತೆ ಅಂತ ಗೊತ್ತಾಗಬೇಡ್ವಾ? ಮಲಗಿ ಅಕ್ಕಾ."

ಮೂರನೇ ಕೋಣೆಯ ಹಾಸಿಗೆಯ ಮೇಲೆ ಹೆಬ್ಬೆಟ್ಟಕ್ಕ ಬೋರಲಾದಳು. ಇಪ್ಪತ್ತೊಂದು ವರ್ಷದಲ್ಲಿ ಮಸಾಜ್ ಹಾಸಿಗೆಯ ಮೇಲೆ ಅವಳು ಮಲಗಿದ್ದು ಅದೇ ಮೊದಲು. ತೂತಿನೊಳಗೆ ಮುಖ ಇಟ್ಟರೆ ಕಾಣುವುದು ಒಂದು ಚದರ ನೆಲ, ಒಂದು ಮೂಲೆ ಒಡೆದ ಟೈಲು, ಅಷ್ಟೇ. ಇಷ್ಟು ವರ್ಷ ಇವರೆಲ್ಲ ಈ ಒಡಕನ್ನೇ ನೋಡುತ್ತಾ ತಮ್ಮ ಸುಖದುಃಖ ಹೇಳಿಕೊಂಡರೇ ಎಂದುಕೊಂಡಳು. ಕಡ್ಡಿಯ ಎರಡು ಸಣ್ಣ ಪಾದಗಳು ಬಂದು ಅಲ್ಲಿ ನಿಂತವು.

ಬೆಚ್ಚಗಿನ ಎಣ್ಣೆ ಬಿತ್ತು. ಮೊದಲು ಅಂಗೈ, ಆಮೇಲೆ ಮುಂಗೈಯ ಚಪ್ಪಟೆ ಭಾಗ, ಸೊಂಟದಿಂದ ಕತ್ತಿನವರೆಗೆ ಒಂದೇ ಎಳೆತದಲ್ಲಿ ಹೋಯಿತು. ಕುಕ್ಕುತ್ತದೆ ಎಂದು ಹೆಬ್ಬೆಟ್ಟಕ್ಕ ಹಲ್ಲು ಕಚ್ಚಿ ಕಾದಿದ್ದಳು. ಕುಕ್ಕಲಿಲ್ಲ. ಮೊಣಕೈ ಬಂದು ಭುಜದ ಪಕ್ಕ ಕೂತು, ಬಾಗಿಲಲ್ಲಿ ನಿಂತ ನೆಂಟರ ಹಾಗೆ, ಒಳಗೆ ಬನ್ನಿ ಎನ್ನುವವರೆಗೂ ಕಾಯಿತು. ಬಿಗಿ ತಾನಾಗಿ ಸಡಿಲಿದ ಮೇಲೇ ಒಳಗಿಳಿಯಿತು.

"ನೀನು ಒತ್ತುತ್ತಿಲ್ವಲ್ಲೇ!"

"ಇಲ್ಲ ಅಕ್ಕಾ. ಬರೀ ವಾಲ್ತಿದೀನಿ. ನನ್ನ ಮೈಯಲ್ಲಿ ಒತ್ತೋ ಬಲ ಎಲ್ಲಿದೆ? ಇರೋ ಭಾರಾನ ಕೊಟ್ಟು ಸುಮ್ನೆ ಉಸಿರಾಡ್ತೀನಿ. ಅವರು ಉಸಿರು ಬಿಟ್ಟಾಗ ನಾನು ಇಳೀತೀನಿ."

ಹೆಬ್ಬೆಟ್ಟಕ್ಕ ಇನ್ನೇನೋ ಕೇಳಬೇಕೆಂದಿದ್ದಳು. ಕೇಳುವ ಮೊದಲೇ ನಿದ್ದೆ ಬಂತು. ಕಡ್ಡಿ ಎಬ್ಬಿಸಿದಾಗ ಟೈಲಿನ ಮೇಲೆ ಎರಡು ಹನಿ ನೀರಿತ್ತು. ಅದು ಜೊಲ್ಲೋ ಕಣ್ಣೀರೋ ಇಬ್ಬರೂ ವಿಚಾರಿಸಲಿಲ್ಲ.

ಅಲ್ಲಿಂದ ಊಟದ ಬಿಡುವೆಂದರೆ ಪಾಠ. ಕಡ್ಡಿ ಕಲಿಸುವಾಗ ಮಾತು ಕಡಿಮೆ, ಆದರೆ ಬಿಗಿ. "ಭುಜ ಎತ್ತಬೇಡಿ." "ಕಾಲು ಅಗಲ ಇಡಿ." "ಅವಸರ ಯಾಕೆ ಅಕ್ಕಾ, ಬಸ್ಸು ತಪ್ಪುತ್ತಾ?" ಹೆಬ್ಬೆರಳಿಗೆ ತಿಳಿಯುತ್ತಿದ್ದುದು ಮೊಣಕೈಗೆ ತಿಳಿಯುತ್ತಿರಲಿಲ್ಲ. ದಪ್ಪ ಕೈಗವಸು ಹಾಕಿಕೊಂಡು ಸೂಜಿಗೆ ದಾರ ಪೋಣಿಸಿದಂತಿತ್ತು.

ಅಭ್ಯಾಸಕ್ಕೆ ಇನ್ನೊಂದು ಬೆನ್ನು ಬೇಕಿತ್ತು. ಭಾನುವಾರ ಮಧ್ಯಾಹ್ನ ಅವಳು ಗಂಡನಿಗೆ, "ಅಂಗಿ ಬಿಚ್ಚಿ ಮಲಗ್ರೀ" ಎಂದಳು.

ಅವನು ಪೇಪರು ಕೆಳಗಿಟ್ಟು ಅವಳನ್ನೇ ನೋಡಿದ. "ಏನಂದೆ? ಲೋಕದವರ ಬೆನ್ನೆಲ್ಲ ಮುಗೀತಾ? ಮದುವೆಯಾದಾಗಿನಿಂದ ಕೇಳ್ತಿದೀನಿ, ಒಂದು ಸಲ ತಿಕ್ಕೇ ಅಂತ. 'ನನ್ನ ಕೈ ನೋಯ್ತಿದೆ' ಅಂತಿದ್ದೆ."

"ಈಗ ಕೈ ಅಲ್ಲ, ಮೊಣಕೈ. ಮಲಗಿ."

ಚಾಪೆಯ ಮೇಲೆ ಅವನು ಮಲಗಿದ. ಇಪ್ಪತ್ತೈದು ವರ್ಷ ಸ್ಟೀರಿಂಗಿನ ಹಿಂದೆ ಕೂತ ಬೆನ್ನು. ಅವಳು ಕೈಯಿಟ್ಟು ನೋಡಿದಳು. ಊರಿನ ಹೆಂಗಸರ ಬೆನ್ನೆಲ್ಲ ಬಾಯಿಪಾಠವಾಗಿದ್ದ ಅವಳಿಗೆ, ಪಕ್ಕದಲ್ಲೇ ಮಲಗುವವನ ಸೊಂಟದ ಎಡಗಡೆ ಹಗ್ಗದಂಥ ಬಿಗಿ ಇದೆಯೆಂದು ಗೊತ್ತೇ ಇರಲಿಲ್ಲ. ಆ ಮರುಕದಲ್ಲಿ ಭಾರ ಒಂದಿಷ್ಟು ಹೆಚ್ಚೇ ಬಿತ್ತು.

"ಅಯ್ಯಯ್ಯೋ! ಸತ್ತೆ!"

ಒಳಗಿನಿಂದ ಅತ್ತೆ, "ಏನೇ ಅದು, ಗಂಡನ್ನ ಹೊಡೀತಿದೀಯಾ?" ಎಂದು ಕೋಲು ಊರಿಕೊಂಡು ಬಂದೇಬಿಟ್ಟರು. ಮಗನ ಬೆನ್ನ ಮೇಲಿನ ಮೊಣಕೈಯನ್ನು ನೋಡಿದರು. "ಅವನದಾದ ಮೇಲೆ ನನಗೂ ಒಂದಿಷ್ಟು ಮಾಡು. ಆದರೆ ಮೆತ್ತಗೆ" ಎಂದರು.

ಆರು ಭಾನುವಾರ ಹಾಗೆ ನಡೆಯಿತು. ಮೂರನೇ ಭಾನುವಾರ ಗಂಡ ಕಿರುಚುವುದನ್ನು ನಿಲ್ಲಿಸಿದ. ಐದನೆಯದಕ್ಕೆ ಗೊರಕೆ ಹೊಡೆದ. ಅತ್ತೆಯಂತೂ ಶನಿವಾರವೇ ಚಾಪೆ ಕೊಡವಿ ಇಡತೊಡಗಿದರು. ಮೊಣಕೈಯ ಚರ್ಮಕ್ಕೂ ಬುದ್ಧಿ ಬಂತು: ಯಾವುದು ಮೂಳೆ, ಯಾವುದು ಬಿಗಿ, ಯಾವುದು ಬರೀ ಹೆದರಿಕೆ ಎಂದು ನಿಧಾನಕ್ಕೆ ತಿಳಿಯುತ್ತಾ ಬಂತು.

ಮೂರು ತಿಂಗಳು ಮುಗಿದು ಡಾಕ್ಟರು ಒಪ್ಪಿದ ಮೇಲೆ ಯಜಮಾನಿ ಹೇಳಿದಳು. "ಗಿರಾಕಿ ಮೇಲೆ ಆಮೇಲೆ. ಮೊದಲು ನನ್ನ ಮೇಲೆ ಮಾಡು. ಎಣ್ಣೆ ಚೆಲ್ಲಿ ಬೀಳಿಸಿದ್ದಕ್ಕೆ ನನ್ನ ಸೊಂಟದ್ದು ಬಾಕಿ ಇದೆ."

ಯಜಮಾನಿ ಕೋಣೆಗೆ ಬಂದು ಬೋರಲಾಗಿ ಮಲಗಿದಳು. ಹೆಬ್ಬೆಟ್ಟಕ್ಕ ಕಾಲು ಅಗಲಿಸಿ ನಿಂತಳು, ಭುಜ ಇಳಿಬಿಟ್ಟಳು, ಯಜಮಾನಿಯ ಉಸಿರು ಕೇಳಿಸುವವರೆಗೆ ಕಾದಳು. ಆಮೇಲೆ ವಾಲಿದಳು. ಅಂಗೈ ದಾರಿ ತೋರಿಸಿತು, ಮೊಣಕೈ ಹಿಂಬಾಲಿಸಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ತಾನು ಪರೀಕ್ಷೆಗೆ ನಿಂತಿದ್ದೇನೆ ಎನ್ನುವುದೇ ಅವಳಿಗೆ ಮರೆತುಹೋಯಿತು. ಕಿಟಕಿಯಿಂದ ಬಿಸಿಲು ಹಾಸಿಗೆಯ ತುದಿಗೆ ಬಿದ್ದಿತ್ತು, ಎದುರಿನ ಮಹಡಿಯಲ್ಲಿ ಯಾರೋ ಗಾಜು ಒರೆಸುತ್ತಿದ್ದರು.

ಮುಗಿದ ಮೇಲೆ ಯಜಮಾನಿ ಎದ್ದು ಕೂತು ಕತ್ತು ಆಚೆ ಈಚೆ ತಿರುಗಿಸಿದಳು. "ಮೊದಲಿನ ಹಾಗಿಲ್ಲ" ಎಂದಳು.

ಹೆಬ್ಬೆಟ್ಟಕ್ಕನ ಕೈಯಲ್ಲಿದ್ದ ಟವೆಲು ಅಲ್ಲೇ ನಿಂತಿತು.

"ಮೊದಲು ನೀನು ನೋವನ್ನ ಹುಡುಕಿ ಹಿಡೀತಿದ್ದೆ. ಈಗ ಅದೇ ಎದ್ದು ಹೋಗೋ ಹಾಗೆ ಮಾಡ್ತೀಯ. ನನಗೆ ಇದೇ ಇಷ್ಟ ಆಯ್ತು. ಆದರೆ ದಿನಕ್ಕೆ ನಾಲ್ಕೇ ಬೆನ್ನು. ಐದನೇದಕ್ಕೆ ಕೈ ಹಾಕಿದ್ರೆ ಮತ್ತೆ ಕೌಂಟರಿಗೆ ಕೂರಿಸ್ತೀನಿ, ನೋಡ್ಕೋ."

"ಬೇಡ ಮೇಡಂ, ಪ್ರಿನ್ಸಿಪಾಲರಿಗೆ ನನ್ನ ಮುಖ ಕಂಡ್ರೇ ಆಗಲ್ಲ" ಎಂದಳು ಹೆಬ್ಬೆಟ್ಟಕ್ಕ. ಇಬ್ಬರೂ ನಕ್ಕರು.

ಲಾಯರಮ್ಮನ ವಿಷಯದಲ್ಲಿ ಮಾತ್ರ ಅವಳು ತಾನೇ ಮುಂದಾಗಿ, "ನಿಮಗೆ ಈಗ ಕಡ್ಡಿ ಅಭ್ಯಾಸ ಆಗಿದಾಳೆ, ಅವಳ ಹತ್ರಾನೇ ಹೋಗಿ" ಎಂದಳು. ಲಾಯರಮ್ಮ ಬಹಳ ಯೋಚಿಸಿ, ಒಂದು ಮಂಗಳವಾರ ಅಲ್ಲಿ, ಇನ್ನೊಂದು ಮಂಗಳವಾರ ಇಲ್ಲಿ ಎಂದು ತೀರ್ಪು ಕೊಟ್ಟಳು.

ಮುಂದಿನ ತಿಂಗಳು ಹೊಸದಾಗಿ ಮೂವರು ಹೆಂಗಸರು ಕೆಲಸಕ್ಕೆ ಸೇರಿದರು. ಕಲಿಸುವ ಹೊಣೆಯನ್ನು ಯಜಮಾನಿ ಹೆಬ್ಬೆಟ್ಟಕ್ಕ, ಕಡ್ಡಿ ಇಬ್ಬರಿಗೂ ಸೇರಿಸಿ ಕೊಟ್ಟಳು. ಮಧ್ಯಾಹ್ನ ಎರಡಕ್ಕೆ ಮೂವರೂ ಎಣ್ಣೆ ಬಟ್ಟಲು ಹಿಡಿದು ಸಾಲಾಗಿ ನಿಂತರೆ, ಹಾಸಿಗೆಯ ಆಚೆ ಹೆಬ್ಬೆಟ್ಟಕ್ಕ, ಈಚೆ ಕಡ್ಡಿ.

"ಮೊದಲು ಬೆನ್ನ ಮೇಲೆ ಕೈ ಇಟ್ಟು ಸುಮ್ನೆ ನಿಂತ್ಕೊಳ್ಳಿ" ಎಂದಳು ಹೆಬ್ಬೆಟ್ಟಕ್ಕ. "ಹತ್ತು ಎಣಿಸೋವರೆಗೂ."

"ಐದು ಸಾಕು ಅಕ್ಕಾ. ಹತ್ತಾದ್ರೆ ಎಣ್ಣೆ ತಣ್ಣಗಾಗುತ್ತೆ."

"ನನ್ನ ಕಾಲದಲ್ಲಿ ಹತ್ತೇ ಎಣಿಸ್ತಿದ್ದದ್ದು."

"ನಿಮ್ಮ ಕಾಲದಲ್ಲಿ ಎಣ್ಣೆ ಬೆಚ್ಚಗೇ ಇರ್ತಿತ್ತಾ?"

ಮೂವರಲ್ಲಿ ಒಬ್ಬಳು, ಇಬ್ಬರ ಮುಖವನ್ನೂ ನೋಡಿ, ಅಂಜುತ್ತಾ ಕೇಳಿದಳು. "ಅಕ್ಕಾ, ಹಾಗಾದ್ರೆ ಏಳು ಎಣಿಸ್ಲಾ?"

ಹೆಬ್ಬೆಟ್ಟಕ್ಕ ಕಡ್ಡಿಯನ್ನು ನೋಡಿದಳು. ಕಡ್ಡಿ ನಗು ತಡೆಯಲಾಗದೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ಎಣಿಸಮ್ಮ" ಎಂದಳು ಹೆಬ್ಬೆಟ್ಟಕ್ಕ. "ಗಟ್ಟಿಯಾಗಿ ಎಣಿಸು, ಎಲ್ಲರಿಗೂ ಕೇಳಲಿ."